ಹೆಸರಿನಲ್ಲಿ ಕ್ರಿಸ್ತನಿದ್ದ ಪಕ್ಷ

ಚುನಾವಣೆ ಬಂದಾಗಲೆಲ್ಲ ದುದ್ದದ ಕಡೆಯ ಹಿರಿಯರೊಬ್ಬರು ನನ್ನನ್ನು ಕೇಳುವುದುಂಟು: "ಫಾದರ್, ನಮ್ಮವರದೇ ಒಂದು ಪಕ್ಷ ಯಾಕಿರಬಾರದು?" ಇಟಲಿಯಲ್ಲಿ ಅಂಥದೊಂದಿತ್ತು. ಅದರ ಚರಿತ್ರೆಯನ್ನು ಹೇಳದೆ ಅವರಿಗೆ ಉತ್ತರಿಸುವುದು ಕಷ್ಟ.

1870ರಲ್ಲಿ ಇಟಲಿಯ ಸೇನೆ ರೋಮ್ ನಗರವನ್ನು ವಶಪಡಿಸಿಕೊಂಡಿತು. ಆ ಬಳಿಕ ಕಥೋಲಿಕರು ಸಂಸತ್ತಿನ ಚುನಾವಣೆಗಳಿಂದ ದೂರವಿರಬೇಕೆಂಬುದು ಪೋಪರ ಆದೇಶವಾಗಿತ್ತು. ಈ ನಿರ್ಬಂಧ ಪೂರ್ಣವಾಗಿ ತೆರವಾದದ್ದು 1919ರಲ್ಲಿ. ಅದೇ ವರ್ಷದ ಜನವರಿ 18ರಂದು ಸಿಸಿಲಿಯ ಗುರು ಲುಯಿಜಿ ಸ್ಟುರ್ಜೋ 'ಇಟಲಿಯ ಜನಪಕ್ಷ'ವನ್ನು ಸ್ಥಾಪಿಸಿದರು. ಅದಕ್ಕೆ 'ಕಥೋಲಿಕ' ಎಂಬ ಹೆಸರಿಡಲು ಅವರು ಒಪ್ಪಲಿಲ್ಲ. ಕಥೋಲಿಕವೆಂದರೆ ಸರ್ವರದು, ಪಕ್ಷವೆಂದರೆ ಕೆಲವರದು ಎಂಬುದು ಅವರ ವಾದ. ನಮ್ಮ ಭಾಷೆಯಲ್ಲಿಯೂ 'ಪಕ್ಷ' ಎಂದರೆ ಒಂದು ಮಗ್ಗುಲು, ಒಂದು ರೆಕ್ಕೆಯಷ್ಟೆ! ಸಣ್ಣ ರೈತನಿಗೆ ಭೂಮಿ, ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂದ ಆ ಪಕ್ಷ ಮೊದಲ ಚುನಾವಣೆಯಲ್ಲೇ 100 ಸ್ಥಾನ ಗೆದ್ದಿತು.

ಆಮೇಲೆ ಮುಸೊಲಿನಿ ಬಂದನು. 1923ರಲ್ಲಿ ಸ್ಟುರ್ಜೋ ನಾಯಕತ್ವ ಬಿಡಬೇಕಾಯಿತು. ಒತ್ತಡ ತಂದವರಲ್ಲಿ ವ್ಯಾಟಿಕನ್ನಿನವರೂ ಇದ್ದರು. ಗುರುವಾದ ನನಗೆ ಈ ಪುಟವನ್ನು ಓದುವಾಗ ಇಂದಿಗೂ ಸಂಕಟವಾಗುತ್ತದೆ. ಅವರು 22 ವರ್ಷ ದೇಶಾಂತರದಲ್ಲಿದ್ದರು. 1926ರಲ್ಲಿ ಪಕ್ಷವೇ ನಿಷೇಧಕ್ಕೊಳಗಾಯಿತು.

ಸ್ಟುರ್ಜೋ ಅವರ ಉತ್ತರಾಧಿಕಾರಿ ಡಿ ಗಾಸ್ಪೆರಿ ಸೆರೆಮನೆ ಕಂಡು, ಬಳಿಕ ವ್ಯಾಟಿಕನ್ ಗ್ರಂಥಾಲಯದಲ್ಲಿ ದುಡಿದು ಹೊಟ್ಟೆ ಹೊರೆದರು. ಎರಡನೆಯ ಮಹಾಯುದ್ಧದ ವೇಳೆ ಸಂಗಡಿಗರೊಡನೆ ಅವರು ಕಟ್ಟಿದ್ದೇ 'ಕ್ರೈಸ್ತ ಪ್ರಜಾಪ್ರಭುತ್ವ' ಪಕ್ಷ. 1945ರಿಂದ ಸುಮಾರು ಎಂಟು ವರ್ಷ ಅವರು ಪ್ರಧಾನಿಯಾಗಿದ್ದರು. 1950ರ ಭೂಸುಧಾರಣೆಯಲ್ಲಿ ದೊಡ್ಡ ಜಮೀನುದಾರರ ನೆಲ ಬಡ ರೈತರಿಗೆ ಹಂಚಿಕೆಯಾಯಿತು. ಆದರೆ ಸುಮಾರು ಐದು ದಶಕಗಳ ಅಧಿಕಾರ ಯಾರನ್ನು ತಾನೆ ಕೆಡಿಸದು? 1992ರಲ್ಲಿ ಮಿಲಾನಿನಲ್ಲಿ ಹೊರಬಿದ್ದ ಲಂಚದ ಪ್ರಕರಣಗಳು ಇತರ ಪಕ್ಷಗಳೊಂದಿಗೆ ಇದನ್ನೂ ಸುತ್ತಿಕೊಂಡವು. 1994ರ ಜನವರಿಯಲ್ಲಿ ಪಕ್ಷ ತನ್ನ ಹೆಸರನ್ನೇ ಕಳಚಿಟ್ಟು, ಸ್ಟುರ್ಜೋ ಇಟ್ಟಿದ್ದ ಹಳೆಯ ಹೆಸರಿಗೆ ಮರಳಿತು.

ಇಟಲಿಯಲ್ಲಿ ಆ ಪಕ್ಷ ಉಚ್ಛ್ರಾಯದಲ್ಲಿದ್ದಾಗಲೇ ನಮ್ಮವರು ಬೇರೊಂದು ದಾರಿ ಹಿಡಿದರು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜ ನಮ್ಮ ಸಂವಿಧಾನ ಸಭೆಯ ಸದಸ್ಯರಾಗಿದ್ದರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನಗಳು ಬೇಡವೆಂದು ಆ ಸಭೆ 1949ರ ಮೇ ತಿಂಗಳಲ್ಲಿ ತೀರ್ಮಾನಿಸಿದಾಗ ಅವರು ಅದಕ್ಕೆ ಸಮ್ಮತಿಯಿತ್ತರು. ಸಂವಿಧಾನದ 25ನೆಯ ವಿಧಿ ನಮ್ಮ ವಿಶ್ವಾಸವನ್ನು ಆಚರಿಸುವ, ಸಾರುವ ಹಕ್ಕನ್ನು ಕೊಟ್ಟಿತು.

ಹಿರಿಯರಿಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. "ಹಾಗಾದರೆ ವಿಧಾನಸೌಧದಲ್ಲಿ ನಮ್ಮವರು ಎಷ್ಟು ಜನ ಫಾದರ್?" ಎನ್ನುತ್ತಾರೆ. ಆ ಪ್ರಶ್ನೆಯನ್ನು ತಳ್ಳಿಹಾಕಲು ನನಗೂ ಆಗುತ್ತಿಲ್ಲ.