155 ವರ್ಷ ಕಾದ ಇಲಿಬೋನು

ಮಳೆ ಶುರುವಾದರೆ ನಮ್ಮ ಅಡುಗೆಮನೆಗೆ ಇಲಿ ಬರೋದು ವಾಡಿಕೆ. ಹೋದ ವರ್ಷವೂ ಬಂತು. ಅಂಗಡಿಯಲ್ಲಿ ಸಿಗೋ ಅಂಟಿನ ಹಲಗೆ ಇಡೋಣ ಅಂದೆ. ಅಮ್ಮ ಒಪ್ಪಲಿಲ್ಲ. "ಅಂಟಿಗೆ ಸಿಕ್ಕಿ ಒದ್ದಾಡಿ ಸಾಯೋದನ್ನ ನೋಡೋಕಾಗಲ್ಲ ಕಣೋ, ಜೀವಂತ ಹಿಡಿದು ಎಲ್ಲಾದರೂ ಬಿಟ್ಟು ಬಾ" ಅಂದರು. ಅಟ್ಟದ ಮೇಲಿದ್ದ ಹಳೇ ಮರದ ಬೋನಿನ ತಂತಿಯೆಲ್ಲ ತುಕ್ಕು. ಮಗಳ ಪ್ರಾಜೆಕ್ಟಿಗೆ ಅಂತ ಕೊಂಡಿದ್ದ ತ್ರೀಡಿ ಪ್ರಿಂಟರ್ ಮಾತ್ರ ಮೂಲೆಯಲ್ಲಿ ಕೆಲಸವಿಲ್ಲದೆ ಕೂತಿತ್ತು. ಸರಿ, ಬೋನನ್ನೇ ಪ್ರಿಂಟ್ ಮಾಡಿಬಿಡೋಣ ಅಂತ ಹೊರಟೆ. ಹಾಗೆ ಹೊರಟವನು ಹೋಗಿ ಮುಟ್ಟಿದ್ದು ಇಂಗ್ಲೆಂಡಿನ ಸೆಲ್ಸಿ ಅನ್ನೋ ಕಡಲತೀರದ ಊರಿಗೆ, ಅದೂ 1861ನೇ ಇಸವಿಗೆ!

ಅಲ್ಲಿ ಕಾಲಿನ್ ಪುಲಿಂಜರ್ ಅಂತ ಒಬ್ಬ ಇದ್ದ. ತನಗೆ ಬರೋ ಕಸುಬುಗಳ ಪಟ್ಟಿಯನ್ನೇ ಅಚ್ಚು ಹಾಕಿಸಿದ ಆಸಾಮಿ. ಮನೆ ಕಟ್ಟೋದು, ಬಡಗಿ ಕೆಲಸ, ಹೆಣದ ಪೆಟ್ಟಿಗೆ, ಕೊಡೆ ರಿಪೇರಿ, ಒಡೆದ ಪಿಂಗಾಣಿ ಅಂಟಿಸೋದು, ಕಾಗದ ಬರೆದುಕೊಡೋದು, ಜಮೀನು ಅಳೆಯೋದು... ಹಡಗಿನಲ್ಲಿ ಅಡುಗೆಯನ್ನೂ ಮಾಡಿದ್ದನಂತೆ. ಅದೇ ಪಟ್ಟಿಯಲ್ಲಿ ಊರಿನ ಗುಬ್ಬಚ್ಚಿ ಕ್ಲಬ್ಬಿನ ಗುಮಾಸ್ತ ಅನ್ನೋದೂ ಇದೆ. ಗುಬ್ಬಚ್ಚಿಗೆ ಕಾಳು ಹಾಕೋ ಕ್ಲಬ್ ಅಂದ್ಕೊಂಡಿರಾ? ಬೆಳೆ ತಿನ್ನುತ್ತವೆ ಅಂತ ಅವುಗಳನ್ನು ಕೊಲ್ಲೋಕೆ ಇದ್ದ ಕ್ಲಬ್ಬುಗಳವು :-) ಹಾಗಾಗಿ ಈತ ಇಲಿಗಳ ಮೇಲೆ ಕನಿಕರಪಟ್ಟು ಬೋನು ಮಾಡಿದ ಅಂತ ನನಗಂತೂ ಅನ್ನಿಸೋದಿಲ್ಲ.

ಆದರೂ ಅವನ ಬೋನು ಇಲಿಯ ಮೈಗೆ ಗಾಯ ಮಾಡುತ್ತಿರಲಿಲ್ಲ. 'ಪರ್ಪೆಚುಯಲ್ ಮೌಸ್ ಟ್ರ್ಯಾಪ್' ಅಂತ ಹೆಸರು, 1861ರಲ್ಲಿ ಪೇಟೆಂಟ್. ಮರದ ಪೆಟ್ಟಿಗೆ, ಒಳಗೆ ಮಕ್ಕಳಾಡೋ ಸೀಸಾದಂಥ ಒಂದು ಹಲಗೆ. ಇಲಿ ಅದರ ಮೇಲೆ ನಡೆದರೆ ಆ ತುದಿ ಬಾಗುತ್ತೆ, ಬಂದ ದಾರಿ ಮುಚ್ಚುತ್ತೆ, ಪಕ್ಕದ ಕೋಣೆಗೆ ಹೋಗದೆ ಗತಿಯಿಲ್ಲ. ಅಷ್ಟರಲ್ಲಿ ಹಲಗೆ ಮುಂದಿನ ಇಲಿಗೆ ಸಿದ್ಧವಾಗಿರುತ್ತೆ. ಸ್ಪ್ರಿಂಗ್ ಬೇಡ, ಮತ್ತೆ ಮತ್ತೆ ಹೂಡೋದು ಬೇಡ. ಇಲಿಯ ಭಾರವೇ ಯಂತ್ರವನ್ನು ನಡೆಸೋದು.

ಆಮೇಲೆ ಬಂದವು ಪಟ್ ಅಂತ ಬಡಿಯೋ ಸ್ಪ್ರಿಂಗಿನ ಬೋನುಗಳು. 1894ರಲ್ಲಿ ಅಮೆರಿಕದ ಇಲಿನಾಯ್‌ನ ವಿಲಿಯಂ ಹೂಕರ್‌ನದು, ಅದಾದ ಕೆಲವೇ ವರ್ಷಕ್ಕೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೇಮ್ಸ್ ಅಟ್ಕಿನ್ಸನ್‌ನ 'ಲಿಟಲ್ ನಿಪ್ಪರ್'. ಒಂದು ಹಲಗೆ, ಒಂದು ತಂತಿ, ಕಡಿಮೆ ಬೆಲೆ. ಜೀವಂತ ಇಲಿಯನ್ನ ಏನು ಮಾಡೋದು ಅನ್ನೋ ಪ್ರಶ್ನೆಯೇ ಇಲ್ಲ. ಪೇಟೆಯನ್ನ ಅವೇ ಗೆದ್ದವು.

ಮನೆಯಲ್ಲೇ ಬೋನು ಪ್ರಿಂಟ್ ಮಾಡೋ ಕಾಲ ಬಂದಿದ್ದಕ್ಕೂ ಒಂದು ಪೇಟೆಂಟಿನ ಕಥೆಯಿದೆ. ಕರಗಿದ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಹಾಕೋ ವಿಧಾನದ ಪೇಟೆಂಟ್ ಸ್ಕಾಟ್ ಕ್ರಂಪ್ ಅನ್ನೋ ಅಮೆರಿಕದವರದು. 1989ರಲ್ಲಿ ಅರ್ಜಿ, 2009ರಲ್ಲಿ ಅವಧಿ ಮುಗೀತು. ಅದಕ್ಕೂ ಮೊದಲೇ, 2005ರಲ್ಲಿ, ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೌಯರ್ ತನ್ನ ಭಾಗಗಳನ್ನ ತಾನೇ ಅಚ್ಚು ಹಾಕೋ ಯಂತ್ರ ಮಾಡ್ತೀನಿ ಅಂತ 'ರೆಪ್‌ರ‍್ಯಾಪ್' ಶುರುಮಾಡಿದ್ದರು, ವಿನ್ಯಾಸಗಳನ್ನೆಲ್ಲ ಬಿಟ್ಟಿಯಾಗಿ ಹಂಚಿದ್ದರು. ನಮ್ಮನೆ ಮೂಲೆಯ ಯಂತ್ರ ಆ ವಂಶದ್ದೇ.

ನಾನು ಮಾಡಿದ್ದು ಪುಲಿಂಜರ್‌ನ ಸೀಸಾದ ಬಡ ನೆಂಟ. ಒಂದು ಕೊಳವೆ, ಕೆಳಗೆ ಅಡ್ಡಕಡ್ಡಿ. ಇಲಿ ತುದಿಗೆ ನಡೆದರೆ ಕೊಳವೆ ಬಾಗಿ, ಹಿಂದಿನ ಬಾಗಿಲು ಬಿದ್ದು ಕೊಂಡಿಗೆ ಸಿಕ್ಕಿಕೊಳ್ಳುತ್ತೆ. ಕೇಳೋಕೆ ಸುಲಭ. ಆದರೆ ಪುಟ್ಟ ಇಲಿಯ ತೂಕ 15-20 ಗ್ರಾಂ, ನನ್ನ ಕೊಳವೆ 90 ಗ್ರಾಂ! ಕೊಳವೆಯ ಭಾರದ ನಡು ಅಡ್ಡಕಡ್ಡಿಯಿಂದ ಬಾಗಿಲ ಕಡೆಗೆ ಬರೀ 5 ಮಿಲಿಮೀಟರ್ ಇದ್ದರೆ, 15 ಗ್ರಾಮಿನ ಇಲಿ ಕಡ್ಡಿ ದಾಟಿ 3 ಸೆಂಟಿಮೀಟರಿಗಿಂತ ಸ್ವಲ್ಪ ಮುಂದೆ ಹೋದರೂ ಸಾಕು, ಬಾಗುತ್ತೆ. ಅದೇ 2 ಸೆಂಟಿಮೀಟರ್ ಇದ್ದರೆ 12 ಸೆಂಟಿಮೀಟರ್ ಹೋಗಬೇಕು, ಅಷ್ಟು ಉದ್ದ ಕೊಳವೆಯೇ ಇರಲಿಲ್ಲ. ಮೊದಲನೇದು ಹಾಗೇ ಹಾಳಾಯ್ತು, ಇಲಿ ಆರಾಮಾಗಿ ಊಟ ಮಾಡಿ ಹೋಯ್ತು. ಎರಡನೇದಕ್ಕೆ ಸುಟ್ಟ ಕೊಬ್ಬರಿಯ ದೊಡ್ಡ ಚೂರು ಇಟ್ಟೆ, ಕೊಬ್ಬರಿಯ ಭಾರಕ್ಕೇ ಬೋನು ಬಿದ್ದುಬಿಡ್ತು. ಮೂರನೇದಕ್ಕೆ ಕಡಲೆಕಾಳಿನಷ್ಟು ಕೊಬ್ಬರಿ, ಗಾಳಿಗೆ 4 ಮಿಲಿಮೀಟರಿನ ತೂತುಗಳು (6 ಆದರೆ ಮರಿ ಇಲಿ ನುಸುಳಿಬಿಡುತ್ತೆ). ಆ ರಾತ್ರಿಯೇ ಒಂದು ಸಿಕ್ಕಿತು. ಬೆಳಗ್ಗೆ ಖಾಲಿ ಸೈಟಿಗೆ ಬಿಟ್ಟು ಬಂದೆ. ಅಮ್ಮನಿಗೆ ಖುಷಿ, ನನಗೆ ಹೆಮ್ಮೆ.

ಪುಲಿಂಜರ್‌ನ ಬಗ್ಗೆ ಓದೋವಾಗ ಸಿಕ್ಕ ಒಂದು ಸಂಗತಿಗೆ ಆಗ ಜೋರಾಗಿ ನಕ್ಕಿದ್ದೆ. ಅವನ ಒಂದು ಬೋನು ರೆಡಿಂಗ್ ವಿಶ್ವವಿದ್ಯಾಲಯದ ಗ್ರಾಮಜೀವನ ಮ್ಯೂಸಿಯಮ್ಮಿನಲ್ಲಿದೆ. 2016ರ ಫೆಬ್ರವರಿಯಲ್ಲಿ ಅಲ್ಲಿನ ಸಿಬ್ಬಂದಿ ನೋಡಿದರೆ ಅದರೊಳಗೆ ಒಂದು ಸತ್ತ ಇಲಿ! ಕೊಬ್ಬರಿ, ಚೀಸು ಏನೂ ಇಟ್ಟಿರಲಿಲ್ಲ. ಉಗ್ರಾಣದ ಸಾವಿರಾರು ವಸ್ತುಗಳಲ್ಲಿ ಅದನ್ನೇ ಹುಡುಕಿಕೊಂಡು ಹೋಗಿತ್ತು. ಬೋನಿನ ಮೇಲೆ ಇದು ಜೀವಮಾನವಿಡೀ ಬಾಳುತ್ತೆ ಅಂತ ಬರೆದಿದೆ, 155 ವರ್ಷದ ಮೇಲೂ ಬಾಳಿತ್ತು. ಮ್ಯೂಸಿಯಮ್ಮಿನವರು ಇಲಿಯನ್ನ ಹೂಳೋದೋ, ಒಣಗಿಸಿ ಇಡೋದೋ ಅಂತ ಯೋಚನೆಗೆ ಬಿದ್ದರು.

ಶ್ರಾವಣದಲ್ಲಿ ನಾವೆಲ್ಲ ತಿಪಟೂರಿಗೆ ಒಂದು ಗೃಹಪ್ರವೇಶಕ್ಕೆ ಹೋದೆವು. ಎರಡು ದಿನ. ಹೊರಡೋ ಗಡಿಬಿಡಿಯಲ್ಲಿ ಒಲೆ, ನಲ್ಲಿ, ಬೀಗ ಎಲ್ಲ ನೋಡಿದೆ, ಸಿಂಕಿನ ಕೆಳಗೆ ಹೂಡಿಟ್ಟ ಬೋನು ಮಾತ್ರ ನೆನಪಿಗೆ ಬರಲಿಲ್ಲ. ವಾಪಸ್ ಬಂದಾಗ ವಾಸನೆ. ಬಾಗಿಲಿನ ಅಂಚೆಲ್ಲ ಒಳಗಡೆಯಿಂದ ಕಡಿದು ಪುಡಿ ಮಾಡಿತ್ತು. ಆ ಪುಟ್ಟ ದೇಹಕ್ಕೆ ನೀರು, ಆಹಾರ ಇಲ್ಲದೆ, ಹೆದರಿಕೆಯಲ್ಲಿ, ತುಂಬಾ ಹೊತ್ತು ತಾಳೋಕಾಗಲ್ಲ. ಹೂಕರ್‌ನ ಬೋನಾಗಿದ್ದರೆ ಒಂದು ಕ್ಷಣದಲ್ಲಿ ಮುಗಿದಿರೋದು. ಅಮ್ಮ ಏನೂ ಅನ್ನಲಿಲ್ಲ, ಸುಮ್ಮನೆ ನೆಲ ಒರೆಸಿದರು. ಅಂದರೂ ಇಷ್ಟು ಕಷ್ಟ ಆಗ್ತಿರಲಿಲ್ಲ ನನಗೆ.

ಪುಲಿಂಜರ್ ಮತ್ತೆ ಹೂಡೋ ಕೆಲಸ ತಪ್ಪಿಸಿದ್ದ. ಹೋಗಿ ನೋಡೋ ಕೆಲಸವನ್ನ ಅವನ ಸೀಸಾವೂ ತಪ್ಪಿಸಲಿಲ್ಲ, ನನ್ನ ಪ್ರಿಂಟರೂ ತಪ್ಪಿಸಲಿಲ್ಲ.

ನಾಲ್ಕನೇ ಬೋನಿನ ಪಕ್ಕದಲ್ಲಿ ಒಂದು ಕಂಬ ಪ್ರಿಂಟ್ ಮಾಡಿ ಮಗಳ ಹಳೇ ಗೆಜ್ಜೆಯ ಎರಡು ಮಣಿ ತೂಗುಹಾಕಿದ್ದೀನಿ. ಕೊಳವೆ ಬಾಗುವಾಗ ತಗುಲಿ ಝಲ್ ಅನ್ನುತ್ತೆ. ಊರಿಗೆ ಹೊರಟರೆ ಬೋನು ಅಟ್ಟಕ್ಕೆ. ಮೊನ್ನೆ ರಾತ್ರಿ ಎರಡೂವರೆಗೆ ಸದ್ದಾಯ್ತು. ಬನಿಯನ್ನಿನಲ್ಲೇ ಟಾರ್ಚ್ ಹಿಡಿದು ಖಾಲಿ ಸೈಟಿಗೆ ಹೋಗಿ ಬಾಗಿಲು ತೆಗೆದೆ. ನಮ್ಮ ಮನೆಗಳನ್ನೇ ನಂಬಿ ಬದುಕೋ ಪ್ರಾಣಿ ಅದು, ಆ ಕತ್ತಲಲ್ಲಿ ಎಲ್ಲಿಗೆ ಅಂತ ಹೋದೀತು? ತುಂಬಾ ಹೊತ್ತು ಹೊರಗೇ ಬರಲಿಲ್ಲ. ನಾನೂ ಕಾಯ್ತಾ ಕೂತೆ.