ಹೈಟಿ ದೇಶವು ತೆತ್ತ ಮನ್ನಣೆಯ ಬೆಲೆ

ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬಿವು ರಾಜ್ಯದ ಏಳು ಅಂಗಗಳೆಂದು ಕೌಟಿಲ್ಯನು ಹೇಳಿರುವುದು ವಾಚಕರಿಗೆ ತಿಳಿದ ವಿಷಯವೇ. ಇವುಗಳಲ್ಲಿ ಮೊದಲಿನ ಆರನ್ನು ಒಂದು ಜನಾಂಗವು ಸ್ವಪ್ರಯತ್ನದಿಂದ ಸಂಪಾದಿಸಬಹುದು. ಏಳನೆಯದು ಮಾತ್ರ ಪರಾಧೀನವಾದುದು. ದೊಡ್ಡ ರಾಜ್ಯವೊಂದರಿಂದ ಬೇರ್ಪಟ್ಟ ನಾಡನ್ನು ಇತರ ರಾಷ್ಟ್ರಗಳು ತಮಗೆ ಸಮಾನವೆಂದು ಒಪ್ಪುವುದಕ್ಕೆ ಮನ್ನಣೆಯೆಂದು ಹೆಸರು. ಮಿತ್ರಲಾಭಕ್ಕೆ ಅದೇ ಮೊದಲ ಮೆಟ್ಟಿಲು. ಅದು ನ್ಯಾಯದಿಂದ ದೊರೆಯುವುದೋ ಕ್ರಯಕ್ಕೆ ದೊರೆಯುವುದೋ ಎಂಬ ಪ್ರಶ್ನೆಗೆ ಹೈಟಿಯ ಚರಿತ್ರೆಯು ಉತ್ತರ ಕೊಡುತ್ತದೆ.

ಕ್ಯಾರಿಬಿಯನ್ ಸಮುದ್ರದಲ್ಲಿರುವ ಹಿಸ್ಪಾನಿಯೋಲಾ ದ್ವೀಪದ ಪಶ್ಚಿಮಭಾಗವು ಫ್ರೆಂಚರ ವಸಾಹತಾಗಿದ್ದಾಗ ಸಾಂ ದೊಮಿಂಗ್ ಎನಿಸಿಕೊಂಡಿತ್ತು. ಅಲ್ಲಿಯ ಸಕ್ಕರೆ ಕಾಫಿಗಳಿಂದ ಫ್ರಾನ್ಸಿನ ಬಂದರುಗಳು ಸಂಪದ್ಭರಿತವಾಗಿದ್ದವು. ಅವನ್ನು ಬೆಳೆದವರಾದರೋ ಆಫ್ರಿಕದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಸಂತತಿಯವರು. 1791ರ ಆಗಸ್ಟಿನಲ್ಲಿ ಇವರು ದಂಗೆಯೆದ್ದರು. 1794ರಲ್ಲಿ ಫ್ರಾನ್ಸಿನ ಕ್ರಾಂತಿಸಭೆಯೇ ದಾಸ್ಯವನ್ನು ರದ್ದುಗೊಳಿಸಿತು. ಆದರೆ ನೆಪೋಲಿಯನನು ಕಳುಹಿಸಿದ ಸೇನೆಯು 1802ರಲ್ಲಿ ಇವರ ನಾಯಕನಾದ ತೂಸಾಂ ಲೂವೆರ್ತೂರನನ್ನು ಸೆರೆಹಿಡಿದು ಫ್ರಾನ್ಸಿಗೆ ಒಯ್ದಿತು. ಮರುವರ್ಷ ಅವನು ಬೆಟ್ಟದ ಮೇಲಣ ಕೋಟೆಯೊಂದರ ಸೆರೆಯಲ್ಲಿಯೇ ಮಡಿದನು. ಜನರು ಎದೆಗುಂದಲಿಲ್ಲ. 1803ರ ನವೆಂಬರಿನಲ್ಲಿ ವೆರ್ತಿಯೇರ್ ಎಂಬಲ್ಲಿ ಫ್ರೆಂಚರನ್ನು ಸೋಲಿಸಿದರು. 1804ರ ಜನವರಿ 1ರಂದು ದೆಸ್ಸಾಲೀನನು ಸ್ವಾತಂತ್ರ್ಯವನ್ನು ಸಾರಿ, ಮೂಲನಿವಾಸಿಗಳು ಇಟ್ಟಿದ್ದ ಹೈಟಿಯೆಂಬ ಹೆಸರನ್ನು ನಾಡಿಗೆ ಮರಳಿ ಕೊಟ್ಟನು.

ಜನಪದವಿತ್ತು, ದಂಡವಿತ್ತು, ದುರ್ಗಗಳಿದ್ದವು, ಮಿತ್ರನಿರಲಿಲ್ಲ. ತಾವೂ ಆಂಗ್ಲರಿಂದ ಬೇರ್ಪಟ್ಟು ಸ್ವತಂತ್ರರಾಗಿದ್ದ ಅಮೆರಿಕಾ ಸಂಯುಕ್ತ ಸಂಸ್ಥಾನದವರು 1806ರಲ್ಲಿ ಹೈಟಿಯೊಡನೆ ವ್ಯಾಪಾರವನ್ನೇ ನಿಷೇಧಿಸಿದರು. ಗುಲಾಮರು ರಾಜ್ಯವನ್ನು ಕಟ್ಟಿದರೆಂಬ ವಾರ್ತೆಯು ತಮ್ಮ ತೋಟಗಳಲ್ಲಿ ಹಬ್ಬೀತೆಂಬ ಭಯವು ಅವರಿಗಿತ್ತು. ದಕ್ಷಿಣ ಅಮೆರಿಕದ ಬೊಲಿವಾರನು ಹೈಟಿಯ ಅಧ್ಯಕ್ಷನಾದ ಪೆತಿಯೋನನಿಂದ ಆಶ್ರಯವನ್ನೂ ಆಯುಧಗಳನ್ನೂ ಪಡೆದಿದ್ದನು. ಆದರೂ ಅಮೆರಿಕಾ ಖಂಡದ ನೂತನ ರಾಷ್ಟ್ರಗಳು 1826ರಲ್ಲಿ ಪನಾಮದಲ್ಲಿ ಸಭೆ ಸೇರಿದಾಗ ಹೈಟಿಗೆ ಕರೆಯೋಲೆ ಬರಲಿಲ್ಲ.

ಇದಕ್ಕೆ ಮುಂಚೆಯೇ, 1825ರಲ್ಲಿ, ಫ್ರಾನ್ಸಿನ ಹತ್ತನೆಯ ಚಾರ್ಲ್ಸ್ ದೊರೆಯು ಯುದ್ಧನೌಕೆಗಳೊಡನೆ ಶಾಸನವೊಂದನ್ನು ಕಳುಹಿಸಿದ್ದನು. ಆಸ್ತಿಯನ್ನು ಕಳೆದುಕೊಂಡ ಹಳೆಯ ಒಡೆಯರಿಗಾಗಿ ಹೈಟಿಯು 15 ಕೋಟಿ ಫ್ರಾಂಕುಗಳನ್ನು ಐದು ಕಂತುಗಳಲ್ಲಿ ತೆರಬೇಕು. ತೆತ್ತರೆ ಸ್ವಾತಂತ್ರ್ಯವನ್ನು ಒಪ್ಪಲಾಗುವುದು. ಆ ಆಸ್ತಿಯ ಬೆಲೆಯಲ್ಲಿ ಮನುಷ್ಯರ ಬೆಲೆಯೂ ಅಡಗಿತ್ತು. ಎಂದರೆ, ಬಿಡುಗಡೆ ಹೊಂದಿದವರು ತಮ್ಮ ದೇಹಗಳಿಗೆ ತಾವೇ ಕ್ರಯ ಕೊಡಬೇಕಾಯಿತು! ತೋಪುಗಳ ಎದುರಿನಲ್ಲಿ ಅಧ್ಯಕ್ಷನಾದ ಬ್ವಾಯೇ ಒಪ್ಪಿದನು. ಮೊದಲ ಕಂತಿಗಾಗಿ ಪ್ಯಾರಿಸ್ಸಿನಲ್ಲಿಯೇ 3 ಕೋಟಿ ಫ್ರಾಂಕುಗಳ ಸಾಲವೆತ್ತಿದರೆ ಕೈಗೆ ಬಂದದ್ದು 2 ಕೋಟಿ 40 ಲಕ್ಷ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಆದರೂ ಸಾಲದಿಂದ ಸಾಲ ಹುಟ್ಟಿ, ಅದರ ಶೇಷವು 1947ರವರೆಗೂ ಉಳಿಯಿತು. ಶಾಲೆಗೂ ರಸ್ತೆಗೂ ಸಲ್ಲಬೇಕಾದ ಹಣವು ಸಮುದ್ರ ದಾಟಿ ಹೋಯಿತು. ಸಂಯುಕ್ತ ಸಂಸ್ಥಾನದವರ ಮನ್ನಣೆಯಾದರೋ 1862ರಲ್ಲಿ, ಗುಲಾಮರ ಒಡೆಯರಾದ ದಕ್ಷಿಣದವರು ಒಕ್ಕೂಟವನ್ನು ಬಿಟ್ಟು ಹೋದ ಮೇಲೆ, ಲಿಂಕನ್ನನ ಕಾಲದಲ್ಲಿ ಬಂದಿತು.

1933ರ ಮಾಂಟೆವಿಡಿಯೋ ಒಡಂಬಡಿಕೆಯು ರಾಜ್ಯದ ಅಸ್ತಿತ್ವವು ಇತರರ ಮನ್ನಣೆಯನ್ನು ಅವಲಂಬಿಸಿಲ್ಲವೆಂದು ವಿಧಿಸಿತು. ಶಾಸ್ತ್ರವು ಸಾಧುವಾದುದೇ, 1804ರಿಂದಲೂ ಹೈಟಿಯು ರಾಜ್ಯವೇ ಆಗಿತ್ತು. ಆದರೆ ಮಿತ್ರನಿಲ್ಲದ ರಾಜ್ಯಕ್ಕೆ ಕೋಶವೂ ನಿಲ್ಲದೆಂಬುದನ್ನು ಅದರ ಅನುಭವವು ತೋರಿಸಿತು. ಆ ಶಾಸನಕ್ಕೆ ಇನ್ನೂರು ವರ್ಷ ತುಂಬಿದ 2025ರಲ್ಲಿ ಫ್ರಾನ್ಸಿನ ಅಧ್ಯಕ್ಷರು ಇದನ್ನು ಪರಿಶೀಲಿಸಲು ಉಭಯ ದೇಶಗಳ ಚರಿತ್ರಕಾರರ ಮಂಡಲಿಯೊಂದನ್ನು ಸಾರಿದರು. ಹೊಸ ನಾಡೊಂದು ಬಾಗಿಲಲ್ಲಿ ನಿಂತು ಮನ್ನಣೆಯನ್ನು ಕೇಳುವಾಗ ಅದರ ಯೋಗ್ಯತೆಯನ್ನು ವಿಚಾರಿಸುವುದು ಯುಕ್ತವೇ. ಒಳಗಿರುವವರು ಯಾವ ಲಾಭಕ್ಕಾಗಿ ಬಾಗಿಲನ್ನು ಮುಚ್ಚಿದ್ದಾರೆಂಬುದನ್ನೂ ವಿಚಾರಿಸಬೇಕು.