ಬೆಂಕಿ ಕಲಿಸಿದ ಪಾಠ

ನಮ್ಮ ನಾಡಿನಲ್ಲಿ ಬೆಂಕಿಯ ಬಗ್ಗೆ ಎಚ್ಚರ ಮೂಡಿದ್ದು ಹೆಚ್ಚಾಗಿ ಅನಾಹುತದ ನಂತರವೇ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ವೇಳೆ ಮೈಸೂರಿನ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸಗೊಳಿಸಿದ ಹೊಸ ಅರಮನೆ 1912ರಲ್ಲಿ ಕಲ್ಲು, ಕಬ್ಬಿಣ ಬಳಸಿ ಎದ್ದು ನಿಂತಿತು. ಅರಸರಿಗೆ ಮತ್ತೆ ಕಟ್ಟಿಸುವ ಶಕ್ತಿಯಿತ್ತು. ಬಡವನ ಗುಡಿಸಲಿಗೆ ಆ ಭಾಗ್ಯವಿಲ್ಲ.

ಪ್ರಜೆಗಳ ರಕ್ಷಣೆಗೆ ರಾಜ್ಯವಿಡೀ ಅನ್ವಯವಾಗುವ ಅಗ್ನಿಶಾಮಕ ದಳದ ಕಾಯ್ದೆ ಬಂದದ್ದು 1964ರಲ್ಲಿ. ಇಲಾಖೆಯ ಕೇಂದ್ರ ಕಚೇರಿ ಬೆಂಗಳೂರಿನ ಹಲಸೂರು ಕೆರೆಯ ಸಮೀಪ, ಅಣ್ಣಾಸ್ವಾಮಿ ಮುದಲಿಯಾರ್ ರಸ್ತೆಯಲ್ಲಿದೆ. ಇಂದು ಅದರ ಹೆಸರು ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ.

ಆದರೆ ಕಾಯ್ದೆಯೊಂದೇ ಜೀವ ಉಳಿಸದು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಮಂದಿ ಅಸುನೀಗಿದರು; ಹೆಚ್ಚಿನವರು ಮಕ್ಕಳು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನರ ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ 62 ಮಂದಿ ಬಲಿಯಾದರು. ಅಲ್ಲಿ ಗೋಡೆಗೆ ಗೋಣಿಚೀಲ ಹೊದಿಸಲಾಗಿತ್ತು, ಗಾಳಿಗೆ ಸರಿಯಾದ ದಾರಿ ಇರಲಿಲ್ಲ.

ಅದೇ ಗೋಣಿಚೀಲದಲ್ಲಿ ಕೊಬ್ಬರಿ ತುಂಬುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರು ಈ ಪಾಠವನ್ನು ಮರೆಯುವಂತಿಲ್ಲ. ದಂಡಿನಶಿವರದಂತಹ ಹೋಬಳಿಯ ರೈತನ ವರ್ಷದ ಗಳಿಕೆ ಅಟ್ಟದ ಮೇಲಿರುತ್ತದೆ. ಅಂಗಳದಲ್ಲಿ ಒಣ ಸಿಪ್ಪೆ, ನಾರು, ಸೋಗೆ. ಎಣ್ಣೆ ತುಂಬಿದ ಕೊಬ್ಬರಿಗೆ ಒಮ್ಮೆ ಕಿಡಿ ತಗುಲಿದರೆ ಆರಿಸುವುದು ಸುಲಭವಲ್ಲ.

ಒಂದು ಲೆಕ್ಕ ನೋಡಿ. ಅಗ್ನಿಶಾಮಕ ವಾಹನದಲ್ಲಿ 4,500 ಲೀಟರ್ ನೀರಿದ್ದು, ನಿಮಿಷಕ್ಕೆ 450 ಲೀಟರ್ ಹರಿಸಿದರೆ ಅದು ಹತ್ತೇ ನಿಮಿಷಕ್ಕೆ ಖಾಲಿ. ಆಮೇಲೆ ಊರೇ ನೀರು ಒದಗಿಸಬೇಕು. ಕೆರೆ ಬತ್ತಿದ್ದರೆ, ಬೋರ್‌ವೆಲ್‌ಗೆ ಕರೆಂಟ್ ಇಲ್ಲದಿದ್ದರೆ, ಓಣಿಯೊಳಗೆ ವಾಹನ ನುಗ್ಗದಿದ್ದರೆ ಸಿಬ್ಬಂದಿ ತಾನೇ ಏನು ಮಾಡಿಯಾರು?

ಮಲಗುವ ಮುನ್ನ ಬೆಂಕಿ ನಂದಿಸಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಮನೆಯ ಆ ಎಚ್ಚರ ಊರಿಗೂ ಬೇಕು. ವಾಹನಕ್ಕೆ ನೀರು ತುಂಬುವ ಜಾಗ ಯಾವುದು, ಅದು ಒಳಬರುವ ದಾರಿ ಯಾವುದು, 101 ಅಥವಾ 112ಕ್ಕೆ ಕರೆ ಮಾಡಿದವರು ಯಾವ ಗುರುತು ಹೇಳಬೇಕು ಎಂಬುದನ್ನು ಗ್ರಾಮಸಭೆಯಲ್ಲೇ ತೀರ್ಮಾನಿಸಬಹುದು. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಮುಂದಿನ ಬೇಸಿಗೆಗೆ ಮೊದಲು ಒಂದು ದಿನ ಬಿಡುವು ಮಾಡಿಕೊಂಡರೆ ಸಾಕು.